ಗೆಕ್ಕೋವನ್ನು ದಿನಾ ಕೈಗೆತ್ತಿಕೊಂಡರೆ ಅದಕ್ಕೆ ಹಿತವೇ, ಹಿಂಸೆಯೇ?

ಓದುಗರ ಪ್ರಶ್ನೆ: ಡಾಕ್ಟರೇ, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಕಳೆದ ಫೆಬ್ರವರಿಯಲ್ಲಿ ನನ್ನ 11 ವರ್ಷದ ಮಗಳಿಗೆ ಒಂದು ಲೆಪರ್ಡ್ ಗೆಕ್ಕೋ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ತಂದುಕೊಟ್ಟ. ಹೆಸರು ಚುಕ್ಕಿ. ಮಗಳು ಶಾಲೆಯಿಂದ ಬಂದ ಕೂಡಲೇ ಅದನ್ನು ಕೈಮೇಲೆ ಇಟ್ಟುಕೊಂಡು ಕೂರುತ್ತಾಳೆ, ಕೆಲವು ದಿನ ಒಂದು ಗಂಟೆಯವರೆಗೂ. ಮೊದಮೊದಲು ಅದು ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿತ್ತು. "ಅಮ್ಮಾ, ನನ್ನ ಮೇಲೆ ಎಷ್ಟು ಪ್ರೀತಿ ನೋಡು" ಅನ್ನುತ್ತಿದ್ದಳು. ಮಳೆ ಹಿಡಿದ ಮೇಲೆ ಎಲ್ಲ ಬದಲಾಗಿದೆ. ಕೈ ಹಾಕಿದರೆ ಬಾಲ ಎತ್ತಿ ನಿಧಾನಕ್ಕೆ ಆಡಿಸುತ್ತದೆ, ಗೂಡಿನೊಳಗೆ ನುಗ್ಗುತ್ತದೆ. ಮೊನ್ನೆ ಕಿರ್ ಎಂದು ಕೂಗಿತು. ಒಂದು ವಾರದಿಂದ ಹುಳ ತಿಂದಿಲ್ಲ. ಗಾಜಿನ ಪೆಟ್ಟಿಗೆಗೆ ಒಂದು ಬಲ್ಬ್ ಇದೆ, ಕರೆಂಟ್ ಇದ್ದಾಗ ಹಾಕುತ್ತೇವೆ. ಜಾಸ್ತಿ ಮುಟ್ಟಿದ್ದರಿಂದ ಹೀಗಾಯಿತಾ? ದಿನಾ ಎತ್ತಿಕೊಂಡರೆ ಪಳಗುತ್ತದೆ ಎಂದು ಕೆಲವರು, ಮುಟ್ಟಲೇಬಾರದು ಎಂದು ಕೆಲವರು ಹೇಳುತ್ತಾರೆ. ಅತ್ತೆಯವರಂತೂ ಹಲ್ಲಿ ವಿಷ, ಅದೇ ಕೈಯಲ್ಲಿ ಮಗು ಊಟಕ್ಕೆ ಬರುತ್ತದೆ ಎಂದು ದಿನಾ ಬೇಸರ ಮಾಡಿಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ:

ನೀವು ಕೇಳಿರುವುದು ದಿನಾ ಎತ್ತಿಕೊಳ್ಳಬಹುದಾ ಎಂದು. ಆದರೆ ನಿಮ್ಮನ್ನು ಕಾಡುತ್ತಿರುವುದು ಬೇರೆ: ಮಗಳ ಪ್ರೀತಿಯಿಂದಲೇ ಆ ಜೀವಕ್ಕೆ ತೊಂದರೆಯಾಯಿತಾ ಎಂಬುದು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ನೀವು ಬರೆದಿದ್ದನ್ನು ನೋಡಿದರೆ ಚುಕ್ಕಿ ಊಟ ಬಿಟ್ಟಿದ್ದಕ್ಕೆ ಮಗಳ ಕೈಗಿಂತ ನಮ್ಮ ಮಳೆಗಾಲದ ಥಂಡಿಯೇ ದೊಡ್ಡ ಕಾರಣ ಇರಬೇಕು. ಕೈಯದೂ ಒಂದಷ್ಟು ಪಾಲಿದೆ. ಎರಡನ್ನೂ ಸರಿಮಾಡಬಹುದು, ಮಗಳಿಗೆ ಬೈಯುವಂಥದ್ದು ಇದರಲ್ಲಿ ಏನೂ ಇಲ್ಲ.

ಲೆಪರ್ಡ್ ಗೆಕ್ಕೋ ಮನುಷ್ಯರ ಕೈಯನ್ನು ಸಹಿಸಿಕೊಳ್ಳಲು ಕಲಿಯುತ್ತದೆ. ಮನೆಯಲ್ಲಿ ಸಾಕುವ ಗೆಕ್ಕೋಗಳ ಪೈಕಿ ಈ ವಿಷಯದಲ್ಲಿ ಅದೇ ವಾಸಿ. ಆದರೆ ಮುದ್ದು ಮಾಡಿಸಿಕೊಳ್ಳಬೇಕೆಂದು ಬಯಸುವ ಪ್ರಾಣಿ ಅದಲ್ಲ. ಕರು ಹುಟ್ಟಿದ ಕೂಡಲೇ ಹಸು ಅದನ್ನು ನೆಕ್ಕುತ್ತದೆ. ನಾಯಿಮರಿ ಒಡಹುಟ್ಟಿದವುಗಳ ಮೈಗೆ ಅಂಟಿಕೊಂಡೇ ಬೆಳೆಯುತ್ತದೆ. ಹಾಗಾಗಿ ಅವುಗಳಿಗೆ ಸ್ಪರ್ಶ ಎಂದರೆ ಆಸರೆ. ಗೆಕ್ಕೋ ತಾಯಿ ಎರಡು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮರಿ ಮೊಟ್ಟೆಯೊಡೆದು ಬಂದ ದಿನದಿಂದಲೇ ಒಂಟಿ. ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುಗುಡ್ಡಗಳು ಅದರ ಮೂಲ ನೆಲೆ. ಅಲ್ಲಿ ಮೇಲಿನಿಂದ ಬಂದು ಹಿಡಿಯುವುದು ಗೂಬೆ ಅಥವಾ ನರಿ. ಯಾರಾದರೂ ಮುಟ್ಟಿದರು ಎಂದರೆ ತಿನ್ನಲು ಬಂದರು ಎಂದೇ ಅದರ ಮೈಗೆ ಗೊತ್ತಿರುವುದು. ಈ ಭಯವನ್ನು ಅದು ನಿಧಾನಕ್ಕೆ ಬಿಡಬಲ್ಲದು. ಭಯ ಬಿಟ್ಟಿತು ಎಂದ ಮಾತ್ರಕ್ಕೆ ಪ್ರೀತಿ ಹುಟ್ಟಿತು ಎಂದು ತಿಳಿದರೆ ಅದರ ನಡವಳಿಕೆಯನ್ನು ನಾವು ತಪ್ಪಾಗಿ ಓದುತ್ತೇವೆ.

ಹಾಗಾದರೆ ಫೆಬ್ರವರಿಯಲ್ಲಿ ಕೈಮೇಲೆ ಸುಮ್ಮನೆ ಕೂರುತ್ತಿದ್ದದ್ದು ಯಾಕೆ? ಬಹುಮಟ್ಟಿಗೆ ಬಿಸಿಗೆ. ಗೆಕ್ಕೋ ತನ್ನ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳುವ ಪ್ರಾಣಿ ಅಲ್ಲ, ಹೊರಗಿನಿಂದಲೇ ಪಡೆಯಬೇಕು. ಪೆಟ್ಟಿಗೆ ತಣ್ಣಗಿದ್ದರೆ ಇಡೀ ಕೋಣೆಯಲ್ಲಿ ಅದಕ್ಕೆ ಸಿಗುವ ಬೆಚ್ಚನೆಯ ಜಾಗ ನಿಮ್ಮ ಮಗಳ ಅಂಗೈ. ಹೊಟ್ಟೆ ಅಂಟಿಸಿ ಕೂತುಬಿಡುತ್ತದೆ. ಇದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. "ಕೈ ಬಿಟ್ಟು ಇಳಿಯುವುದೇ ಇಲ್ಲ ಡಾಕ್ಟರೇ" ಎಂದು ಖುಷಿಯಿಂದ ಹೇಳುತ್ತಾರೆ. ಪೆಟ್ಟಿಗೆಯ ನೆಲಕ್ಕೆ ಥರ್ಮಾಮೀಟರ್ ಇಟ್ಟು ನೋಡಿದರೆ 22 ಡಿಗ್ರಿ ಇರುತ್ತದೆ. ಅದೇ ಪೆಟ್ಟಿಗೆಯ ಒಂದು ಮೂಲೆಯನ್ನು ಸರಿಯಾಗಿ ಬೆಚ್ಚಗೆ ಮಾಡಿ ವಾರ ಕಳೆಯಲಿ, ಗೆಕ್ಕೋ ಚುರುಕಾಗಿ ಕೈಯಿಂದ ಇಳಿದು ಹೊರಡುತ್ತದೆ. ಮನೆಯವರಿಗೆ ಬೇಸರ. ನನಗೆ ಸಮಾಧಾನ, ಯಾಕೆಂದರೆ ಆರೋಗ್ಯವಾಗಿರುವ ಗೆಕ್ಕೋ ಓಡಾಡಲೇಬೇಕು.

ಕಣ್ಣು ಮುಚ್ಚುವುದರ ಬಗ್ಗೆಯೂ ಒಂದು ಮಾತು. ನಮ್ಮ ಗೋಡೆ ಹಲ್ಲಿಗೆ ರೆಪ್ಪೆಯೇ ಇಲ್ಲ, ನಾಲಿಗೆಯಿಂದ ಕಣ್ಣು ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ. ಲೆಪರ್ಡ್ ಗೆಕ್ಕೋಗೆ ರೆಪ್ಪೆ ಇದೆ. ಅದರ ಮುಖ ನಗುತ್ತಿರುವಂತೆ, ನಿದ್ದೆಗಣ್ಣಿನಂತೆ ಕಾಣುವುದು ಇದರಿಂದಲೇ. ಆದರೆ ರೆಪ್ಪೆ ಮುಚ್ಚಿದೆ ಎಂದರೆ ಹಾಯಾಗಿದೆ ಎಂದೇನೂ ಅಲ್ಲ. ಹೆದರಿದಾಗಲೂ ಮುಚ್ಚುತ್ತದೆ. ಬೆಳಕು ಜಾಸ್ತಿಯಾದರೂ, ಕಣ್ಣಿನೊಳಗೆ ಹಳೆ ಪೊರೆ ಸಿಕ್ಕಿಕೊಂಡು ಉರಿಯುತ್ತಿದ್ದರೂ ಮುಚ್ಚುತ್ತದೆ. ಹಾಗಾಗಿ ಮುಖ ನೋಡಿ ತೀರ್ಮಾನ ಮಾಡಬೇಡಿ. ಮೈ ನೋಡಿ.

ಮೈ ನೋಡುವುದು ಹೇಗೆ? ಮಗಳಿಗೆ ಇದನ್ನು ಕಲಿಸಿಕೊಡಿ, ಮಕ್ಕಳು ನಮಗಿಂತ ಬೇಗ ಹಿಡಿದುಕೊಳ್ಳುತ್ತಾರೆ. ಮೊದಲು ಗಂಟಲ ಕೆಳಗಿನ ಚರ್ಮ ನೋಡಲಿ. ಉಸಿರು ಸಾವಕಾಶವಾಗಿ ಆಡುತ್ತಿದೆಯಾ, ಪಟಪಟ ಹೊಡೆದುಕೊಳ್ಳುತ್ತಿದೆಯಾ? ಕಾಲು ನೋಡಲಿ. ನಿರಾಳವಾಗಿರುವ ಗೆಕ್ಕೋ ನಾಲ್ಕು ಕಾಲೂ ಊರಿ ಮೈ ಎತ್ತಿ ಒಂದೊಂದೇ ಹೆಜ್ಜೆ ಇಡುತ್ತದೆ, ಎರಡು ಹೆಜ್ಜೆಗೊಮ್ಮೆ ನಾಲಿಗೆ ಚಾಚಿ ಕೈಯನ್ನು ಮುಟ್ಟಿ ನೋಡುತ್ತದೆ. ಅದು ಮೂಸಿ ನೋಡುವ ಕ್ರಮ. ನಾಲಿಗೆ ಹೊರಗೆ ಬರುತ್ತಿದ್ದರೆ ಅದಕ್ಕೆ ಕುತೂಹಲ ಇದೆ, ಸದ್ಯಕ್ಕೆ ಭಯ ಇಲ್ಲ ಎಂದು ತಿಳಿಯಬಹುದು. ಹೊಟ್ಟೆ ಅಂಟಿಸಿ, ಕಾಲು ಮೈಗೆ ಒತ್ತಿ, ನಾಲಿಗೆ ಒಮ್ಮೆಯೂ ತೆಗೆಯದೆ ಕಲ್ಲಿನಂತೆ ಕೂತಿದ್ದರೆ ಅದು ಶಾಂತಿ ಅಲ್ಲ. ಹೆದರಿ ಹೆಪ್ಪುಗಟ್ಟಿರುವುದು. ಇನ್ನು ನೀವು ಬರೆದಿರುವಂತೆ ಬಾಲ ಮೇಲೆತ್ತಿ ನಿಧಾನವಾಗಿ ಹಾವಿನ ಹಾಗೆ ಆಡಿಸುವುದು ನೇರವಾದ ಎಚ್ಚರಿಕೆ: "ಹತ್ತಿರ ಬಂದರೆ ಇದನ್ನು ಹಿಡಿ, ತಲೆಯನ್ನು ಬಿಡು" ಎಂದು ಶತ್ರುವಿನ ಗಮನವನ್ನು ಬಾಲಕ್ಕೆ ಸೆಳೆಯುವ ಉಪಾಯ. ಹುಳ ಕಂಡಾಗ ಬಾಲದ ತುದಿ ಮಾತ್ರ ಚುರುಕಾಗಿ ನಡುಗುತ್ತದೆ, ಅದು ಬೇರೆ. ಅದು ಬೇಟೆಯ ಉತ್ಸಾಹ. ಕಿರ್ ಎಂದು ಕೂಗಿದ್ದು ಎಚ್ಚರಿಕೆಯ ಕೊನೆ ಹಂತ. ಅಲ್ಲಿಗೂ ಕೈ ತೆಗೆಯದಿದ್ದರೆ ಕಚ್ಚುತ್ತದೆ, ಇಲ್ಲವೇ ಬಾಲ ಕಳಚುತ್ತದೆ.

ಈಗ ಮಳೆಯ ವಿಷಯ. ನನಗೆ ಹೆಚ್ಚು ಚಿಂತೆ ಇರುವುದು ಇದರದ್ದೇ.

ನಿಮ್ಮ ಕಡೆ ಪುನರ್ವಸು ಮಳೆ ಹೊತ್ತಿಗೆ ಮನೆಯೊಳಗೆ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ, ಮಧ್ಯಾಹ್ನವೂ ಕಂಬಳಿ ಹೊದ್ದು ಕೂರಬೇಕು ಅನ್ನಿಸುತ್ತದೆ. ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವ ಹಾಗಿಲ್ಲ. ಒಣ ಗುಡ್ಡದ ಪ್ರಾಣಿಯೊಂದು ಈ ಥಂಡಿಯಲ್ಲಿ, ಕರೆಂಟ್ ಇದ್ದಾಗ ಮಾತ್ರ ಉರಿಯುವ ಒಂದು ಬಲ್ಬಿನ ಕೆಳಗೆ ಬದುಕುತ್ತಿದೆ. ಲೆಪರ್ಡ್ ಗೆಕ್ಕೋಗೆ ಪೆಟ್ಟಿಗೆಯ ಬೆಚ್ಚನೆಯ ಬದಿಯಲ್ಲಿ ನೆಲ 31ರಿಂದ 33 ಡಿಗ್ರಿ ಇರಬೇಕು. ತಂಪು ಬದಿ 24ರಿಂದ 26. ರಾತ್ರಿ 20ರವರೆಗೆ ಇಳಿದರೆ ತೊಂದರೆಯಿಲ್ಲ, ಬೆಳಗ್ಗೆ ಮತ್ತೆ ಏರಬೇಕು. ತಿಂದದ್ದು ಕರಗಲು ಹೊಟ್ಟೆಯ ಕೆಳಗೆ ಈ ಬಿಸಿ ಬೇಕೇಬೇಕು. ಇಡೀ ದಿನ 21–22ರಲ್ಲೇ ಇದ್ದರೆ ಹುಳ ಹೊಟ್ಟೆಯಲ್ಲಿ ಹಾಗೇ ಕೂರುತ್ತದೆ. ಅದು ಗೊತ್ತಾಗಿಯೇ ಪ್ರಾಣಿ ಊಟ ಬಿಡುತ್ತದೆ. ತಣ್ಣಗಿರುವ ಗೆಕ್ಕೋ ಓಡಿ ತಪ್ಪಿಸಿಕೊಳ್ಳಲೂ ಆಗದು. ಓಡಲಾಗದ ಪ್ರಾಣಿ ಹೆಚ್ಚು ಹೆದರುತ್ತದೆ, ಬೇಗ ಬಾಲ ಎತ್ತುತ್ತದೆ, ಬೇಗ ಕಚ್ಚುತ್ತದೆ. ಬೇಸಿಗೆಯಲ್ಲಿ ಸುಮ್ಮನಿದ್ದ ಚುಕ್ಕಿ ಈಗ ಕೈ ಕಂಡರೆ ನುಗ್ಗಿ ಅಡಗುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಈ ವಾರದ ಕೆಲಸ ಪೆಟ್ಟಿಗೆ ಬೆಚ್ಚಗೆ ಮಾಡುವುದು. ಪೆಟ್ಟಿಗೆಯ ಮೂರನೇ ಒಂದು ಭಾಗದ ಕೆಳಗೆ ಹೀಟ್ ಮ್ಯಾಟ್ (ಕರೆಂಟಿನಲ್ಲಿ ಬಿಸಿಯಾಗುವ ತೆಳು ಹಾಸು) ಹಾಕಿ, ಅದಕ್ಕೆ ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಜೋಡಿಸಿ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಹೊಟ್ಟೆ ಸುಡುತ್ತದೆ, ಇದರಲ್ಲಿ ಉಳಿತಾಯ ಬೇಡ. ಸಣ್ಣ ಮ್ಯಾಟ್ ಎಳೆಯುವುದು ಕೆಲವೇ ವಾಟ್, ಮನೆಯ ಯುಪಿಎಸ್‌ಗೆ ಅದೊಂದು ಹೊರೆಯೇ ಅಲ್ಲ. ಯುಪಿಎಸ್ಸೂ ಕೈಕೊಟ್ಟ ದಿನ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ, ಗೂಡಿನ ಪಕ್ಕ ಇಡಿ. ಬೆಚ್ಚಗಿರುತ್ತದೆ ಎಂದು ಬಚ್ಚಲೊಲೆಯ ಹತ್ತಿರ ಮಾತ್ರ ಪೆಟ್ಟಿಗೆ ಒಯ್ಯಬೇಡಿ, ಹೊಗೆ ಅದರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ಪೆಟ್ಟಿಗೆಯ ಮುಚ್ಚಳ ಜಾಲರಿಯದ್ದೇ ಇರಲಿ. ತೆಂಗಿನ ನಾರಿನ ಪುಡಿ ಹಾಸಿದ್ದರೆ ಮಳೆಗಾಲ ಮುಗಿಯುವವರೆಗೆ ತೆಗೆದು ಟಿಶ್ಯೂ ಪೇಪರ್ ಹಾಸಿ, ನಾರು ನೀರು ಹೀರಿ ಬೂಷ್ಟು ಹಿಡಿಯುತ್ತದೆ. ಒದ್ದೆ ಪಾಚಿ ಅಥವಾ ಒದ್ದೆ ಪೇಪರ್ ಇಟ್ಟ ಒಂದು ಪುಟ್ಟ ಡಬ್ಬಿ ಮಾತ್ರ ಬೆಚ್ಚನೆಯ ಬದಿಯಲ್ಲಿ ಬೇಕು. ಪೊರೆ ಬಿಡುವಾಗ ಅದರೊಳಗೆ ಹೋಗಿ ಕೂರುತ್ತದೆ.

ಪೊರೆ ಎಂದಾಗ ಕಾಲ್ಬೆರಳು ನೆನಪಾಯಿತು. ಮುಂದಿನ ಸಲ ಚುಕ್ಕಿ ಗಾಜಿಗೆ ಕಾಲಿಟ್ಟು ನಿಂತಾಗ ಕೆಳಗಿನಿಂದ ಬೆರಳುಗಳನ್ನು ನೋಡಿ. ತುದಿಯಲ್ಲಿ ಬಿಳಿ ಉಂಗುರದ ಹಾಗೆ ಸಣ್ಣ ಪೊರೆ ಉಳಿದಿರಬಹುದು. ನೋಡಲು ಏನೂ ಅಲ್ಲ. ಒಣಗಿದಂತೆ ಅದು ದಾರ ಕಟ್ಟಿದಂತೆ ಬಿಗಿಯುತ್ತದೆ, ಬೆರಳಿನ ತುದಿಗೆ ರಕ್ತ ನಿಲ್ಲುತ್ತದೆ, ಮೊದಲು ಊದಿ ಆಮೇಲೆ ಕಪ್ಪಾಗಿ ಉದುರಿಹೋಗುತ್ತದೆ. ನನ್ನ ಮೇಜಿನ ಮೇಲೆ ಬರುವ ಗೆಕ್ಕೋಗಳಲ್ಲಿ ಬೆರಳು ಕಳೆದುಕೊಂಡವೇ ಜಾಸ್ತಿ. ಉಗುರು ಬೆಚ್ಚಗಿನ ನೀರು ಹೊಟ್ಟೆ ಮುಟ್ಟದಷ್ಟು ತೆಳ್ಳಗೆ ಇರುವ ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟು, ಒದ್ದೆ ಹತ್ತಿಯ ಬಡ್ಸ್‌ನಿಂದ ಮೆಲ್ಲಗೆ ಉಜ್ಜಿದರೆ ಬಿಟ್ಟುಬರುತ್ತದೆ. ಎಳೆಯಬಾರದು.

"ಮುಟ್ಟಲೇಬಾರದು" ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇಂಥ ಕೆಲಸಗಳಿಗಾಗಿಯೇ. ಚೆನ್ನಾಗಿ ನೋಡಿಕೊಂಡರೆ ಲೆಪರ್ಡ್ ಗೆಕ್ಕೋ 15–20 ವರ್ಷ ಬದುಕುತ್ತದೆ. ನಿಮ್ಮ ಮಗಳು ಕಾಲೇಜು ಮುಗಿಸಿ ಕೆಲಸಕ್ಕೆ ಹೋದ ಮೇಲೂ ಚುಕ್ಕಿ ಇರಬಹುದು. ಅಷ್ಟು ವರ್ಷದಲ್ಲಿ ತೂಕ ನೋಡಬೇಕು, ಬೆರಳು ನೋಡಬೇಕು, ಒಮ್ಮೊಮ್ಮೆ ಡಾಕ್ಟರ ಹತ್ತಿರ ತರಬೇಕು. ಯಾವತ್ತೂ ಕೈ ಕಾಣದ ಪ್ರಾಣಿಗೆ ಪ್ರತಿ ಸಲವೂ ಅದು ಪ್ರಾಣಸಂಕಟ. ಸ್ವಲ್ಪ ಅಭ್ಯಾಸವಿದ್ದರೆ ಅದಕ್ಕೇ ಒಳ್ಳೆಯದು. ಹಾಗೆಂದು "ದಿನಾ ಎತ್ತಿಕೊಂಡರೆ ತಾನೇ ಪಳಗುತ್ತದೆ" ಎನ್ನುವುದೂ ಸರಿಯಲ್ಲ. ಬಿಡಿಸಿಕೊಳ್ಳಲು ಒದ್ದಾಡುವ ಪ್ರಾಣಿಯನ್ನು ದಿನಾ ಹಿಡಿದರೆ ಕೆಲವು ಕಚ್ಚುವುದನ್ನು ಕಲಿಯುತ್ತವೆ. ಕೆಲವು ಒದ್ದಾಡುವುದನ್ನೇ ಬಿಟ್ಟು ಸೋತು ಸುಮ್ಮನಾಗುತ್ತವೆ. ಎರಡನೆಯದನ್ನು ನೋಡಿ ಪಳಗಿತು ಎಂದು ಮನೆಯವರು ಖುಷಿಪಡುತ್ತಾರೆ. ನನಗೆ ಕಚ್ಚುವುದಕ್ಕಿಂತ ಅದೇ ಹೆಚ್ಚು ಬೇಸರ.

ಹಾಗಾದರೆ ವಾರಕ್ಕೆ ಎಷ್ಟು ಸಲ? ಸಲದ ಲೆಕ್ಕ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದದ್ದು, ಕೈ ಹತ್ತುವುದು ಚುಕ್ಕಿಯ ಇಷ್ಟವಾಗಿರಬೇಕು.

ಊಟ ಮತ್ತೆ ಶುರುವಾಗುವವರೆಗೆ ಯಾರೂ ಎತ್ತುವುದು ಬೇಡ. ನೀರು ಬದಲಿಸಿ, ಪೇಪರ್ ಬದಲಿಸಿ, ಅಷ್ಟೇ. ಎರಡು ವಾರ ಬೇಕಾಗಬಹುದು. ಮಗಳಿಗೆ ಇದು ಕಷ್ಟ, ಗೊತ್ತು. ಅವಳಿಗೆ ಬೇರೆ ಕೆಲಸ ಕೊಡಿ: ದಿನಾ ಬೆಳಗ್ಗೆ, ಸಂಜೆ ಎರಡೂ ಬದಿಯ ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಯುವುದು. ಆ ಪುಸ್ತಕ ಮುಂದೆ ನನಗೂ ಬೇಕಾಗುತ್ತದೆ. ಚುಕ್ಕಿ ಎರಡು ಮೂರು ಸಲ ಸರಿಯಾಗಿ ತಿಂದ ಮೇಲೆ, ಸಂಜೆ ಕತ್ತಲಾಗುವ ಹೊತ್ತಿಗೆ, ಮಗಳು ತೊಳೆದ ಅಂಗೈಯನ್ನು ಪೆಟ್ಟಿಗೆಯ ನೆಲದ ಮೇಲೆ ಮಲಗಿಸಿ ಇಡಲಿ. ಮೇಲಿನಿಂದ ಕೈ ಇಳಿಸಬಾರದು, ಪಕ್ಕದಿಂದ ತಗ್ಗಿನಲ್ಲಿ ತರಬೇಕು. ಬೆರಳು ಆಡಿಸಬಾರದು, ಹುಳ ಎಂದುಕೊಂಡು ಕಚ್ಚಬಹುದು. ಐದು ನಿಮಿಷ ಹಾಗೇ ಇದ್ದು ತೆಗೆಯಲಿ. ಮೊದಲ ದಿನಗಳಲ್ಲಿ ಚುಕ್ಕಿ ಗೂಡಿನಿಂದ ತಲೆ ಹಾಕಿ ನೋಡಿ ಒಳಗೆ ಹೋಗುತ್ತದೆ. ಆಮೇಲೊಂದು ದಿನ ಬಂದು ನಾಲಿಗೆ ತಾಗಿಸುತ್ತದೆ. ಮತ್ತೊಂದು ದಿನ ಮುಂಗಾಲು ಇಡುತ್ತದೆ. ಕೈ ಹತ್ತಿದರೂ ತಕ್ಷಣ ಎತ್ತಬೇಡ ಎನ್ನಿ. ಹತ್ತಿ ಇಳಿಯುವುದು ತನ್ನ ಇಷ್ಟ ಎಂದು ಅದಕ್ಕೆ ಮನವರಿಕೆಯಾದರೆ, ಇಡೀ ಪಳಗಿಸುವ ಕೆಲಸದಲ್ಲಿ ಮುಕ್ಕಾಲು ಮುಗಿದಂತೆ.

ಇದಾದ ಮೇಲೆ ವಾರಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ತಿಂದ ದಿನ ಬೇಡ. ಮೈ ಬೂದಿ ಬಣ್ಣಕ್ಕೆ ತಿರುಗಿ ಪೊರೆ ಬಿಡುವ ದಿನಗಳಲ್ಲಿ ಬೇಡ. ಬಾಲ ಎತ್ತಿದರೆ ಆವತ್ತಿಗೆ ಅಲ್ಲಿಗೇ ಸಾಕು, ಅದನ್ನು ಒಳಗೆ ಬಿಟ್ಟುಬಿಡಬೇಕು. ಆ ಮಾತು ಕೇಳಿಸಿಕೊಂಡರೆ ಮುಂದಿನ ಸಲ ಕಿರುಚುವ ಅಗತ್ಯ ಅದಕ್ಕೆ ಬರುವುದಿಲ್ಲ.

ಕೂರುವ ಜಾಗ ನೆಲವೇ ಆಗಿರಲಿ. ಗೋಡೆ ಹಲ್ಲಿಯ ಪಾದಕ್ಕಿರುವ ಅಂಟುವ ಗುಣ ಲೆಪರ್ಡ್ ಗೆಕ್ಕೋ ಪಾದಕ್ಕಿಲ್ಲ, ಬರೀ ಸಣ್ಣ ಉಗುರು. ನಿಂತ ಮಗುವಿನ ಕೈಯಿಂದ ಕೆಂಪು ಕಾವಿ ನೆಲಕ್ಕೆ ಬಿದ್ದರೆ ದವಡೆ, ಕಾಲು ಮುರಿಯುತ್ತದೆ. ಕ್ಯಾಲ್ಸಿಯಂ ಸಾಲದ ಗೆಕ್ಕೋ ಆದರೆ ಗಟ್ಟಿಯಾಗಿ ಹಿಡಿದರೂ ಮೂಳೆ ಮುರಿಯಬಹುದು. ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಿದ್ದೀರಾ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಇಂದೇ ಶುರುಮಾಡಿ, ವಿಟಮಿನ್ ಡಿ3 ಇರುವುದನ್ನು ವಾರಕ್ಕೆ ಒಂದೆರಡು ಸಲ. ಬೆಕ್ಕು ಇದ್ದರೆ ಆ ಹೊತ್ತಿಗೆ ಬಾಗಿಲು ಹಾಕಿ.

ಬಾಲದ ಬಗ್ಗೆ: ಎಂದೂ ಬಾಲ ಹಿಡಿದು ಎತ್ತಬಾರದು, ತಡೆಯಬಾರದು. ಬಾಲದ ಮೂಳೆಗಳಲ್ಲೇ ಕಳಚಲೆಂದು ಸಿದ್ಧವಾದ ಗೆರೆಗಳಿವೆ. ಹೆದರಿಕೆ ಮಿತಿಮೀರಿದರೆ ಅಲ್ಲಿನ ಸ್ನಾಯು ತಾನೇ ಬಿಗಿದು ಬಾಲ ಬಿಡುತ್ತದೆ. ರಕ್ತನಾಳ ಕೂಡಲೇ ಮುಚ್ಚಿಕೊಳ್ಳುವುದರಿಂದ ರಕ್ತ ಹೆಚ್ಚು ಬರುವುದಿಲ್ಲ. ಬಿದ್ದ ಬಾಲ ಸ್ವಲ್ಪ ಹೊತ್ತು ಹೊರಳಾಡುತ್ತದೆ. ಮಕ್ಕಳಿಗೆ ಅದನ್ನು ನೋಡಿದ ಭಯ ಬಹಳ ದಿನ ಇರುತ್ತದೆ, ಮೊದಲೇ ಹೇಳಿಟ್ಟರೆ ಒಳ್ಳೆಯದು. ಹೊಸ ಬಾಲ ಬರುತ್ತದೆ, ಆದರೆ ಒಳಗೆ ಮೂಳೆ ಇರುವುದಿಲ್ಲ, ಮೃದ್ವಸ್ಥಿಯ ಕಡ್ಡಿ ಇರುತ್ತದೆ. ನೋಡಲು ಗಿಡ್ಡ, ಗುಂಡಗೆ. ಕೊಬ್ಬು ಕೂಡಿಡುವ ಜಾಗವೇ ಬಾಲವಾದ್ದರಿಂದ ಅದನ್ನು ಕಳೆದುಕೊಂಡ ಗೆಕ್ಕೋ ಕೂಡಿಟ್ಟದ್ದನ್ನೆಲ್ಲ ಕಳೆದುಕೊಂಡಂತೆ.

ತೋಟದ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಮೈಲುತುತ್ತ, ಸುಣ್ಣ ಕೈಗೆ ಅಂಟಿರುತ್ತದೆ. ಆ ಕೈಯಲ್ಲಿ, ಅಥವಾ ತಂಬಾಕು ತಿಕ್ಕಿದ ಕೈಯಲ್ಲಿ, ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಗೆಕ್ಕೋ ಮುಟ್ಟಬಾರದು. ಅದು ನಿಮ್ಮ ಕೈಯನ್ನು ನೆಕ್ಕಿಯೇ ಪರಿಚಯ ಮಾಡಿಕೊಳ್ಳುವುದು, ಅಂಟಿದ್ದೆಲ್ಲ ನೇರ ಹೊಟ್ಟೆಗೆ ಹೋಗುತ್ತದೆ. ಔಷಧಿ ಹೊಡೆದ ತೋಟದಿಂದ ಮಿಡತೆ, ಜೀರುಂಡೆ ಹಿಡಿದು ಹಾಕುವುದೂ ಬೇಡ. ಮಿಂಚುಹುಳವನ್ನಂತೂ ಯಾವತ್ತೂ ಹಾಕಬೇಡಿ, ಕೆಲವು ಜಾತಿಯವು ಹಲ್ಲಿ ಜಾತಿಯ ಪ್ರಾಣಿಗಳಿಗೆ ಪ್ರಾಣಾಂತಿಕ ವಿಷ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಆತಂಕವನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ಸರಿಯಿದೆ. ಹಲ್ಲಿಗೆ ವಿಷ ಇಲ್ಲ. ಲೆಪರ್ಡ್ ಗೆಕ್ಕೋಗೂ ಇಲ್ಲ, ನಮ್ಮ ಗೋಡೆ ಹಲ್ಲಿಗೂ ಇಲ್ಲ. ಹಲ್ಲಿ ಬಿದ್ದ ಹಾಲು, ಸಾರು ಉಂಡು ವಾಂತಿಯಾದರೆ ಅದಕ್ಕೆ ಅದರ ಮೈ, ಹಿಕ್ಕೆಯಲ್ಲಿನ ಬ್ಯಾಕ್ಟೀರಿಯಾ ಕಾರಣ ಇರಬಹುದು, ವಿಷ ಅಲ್ಲ. ಮೈಮೇಲೆ ಹಲ್ಲಿ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವುದು ಅವರ ನಂಬಿಕೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ "ಮುಟ್ಟಿದ ಕೈಯಲ್ಲಿ ಊಟ ಬೇಡ" ಎನ್ನುವುದು ನೂರಕ್ಕೆ ನೂರು ಸರಿ. ಸರೀಸೃಪಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ, ಹಿಕ್ಕೆಯಲ್ಲಿ ಮಾತ್ರ ಆಗಾಗ ಅದು ಹೊರಬರುತ್ತದೆ. ಮನುಷ್ಯರಿಗೆ ಬಂದರೆ ಜ್ವರ, ಭೇದಿ. ಐದು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ, ಗರ್ಭಿಣಿಯರಿಗೆ ಜೋರಾಗಿ ಕಾಡಬಹುದು. ಅಮೆರಿಕದಲ್ಲಿ ಮಕ್ಕಳಿಗೆ ಪುಟ್ಟ ಆಮೆಗಳಿಂದ ಇದು ಹರಡುತ್ತಿದೆ ಎಂದೇ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು. ಹಾಗಾಗಿ ಮುಟ್ಟಿದ ಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆಯಲೇಬೇಕು. ಮುತ್ತು ಕೊಡುವುದು, ಮುಖದ ಹತ್ತಿರ ಇಟ್ಟುಕೊಳ್ಳುವುದು ಬೇಡ. ಚುಕ್ಕಿಯ ನೀರಿನ ತಟ್ಟೆ ಅಡುಗೆಮನೆ ಸಿಂಕಿಗೆ ಬರಬಾರದು. ಈ ನಿಯಮವನ್ನು ಅತ್ತೆಯವರ ಮುಂದೆಯೇ ಮಾಡಿ, ಕೈ ತೊಳೆದದ್ದನ್ನು ನೋಡುವ ಕೆಲಸ ಅವರಿಗೇ ಕೊಡಿ. ಅವರಿಗೂ ನೆಮ್ಮದಿ, ನಿಮಗೂ.

ನಿಮ್ಮ ಮುಂದೆ ದಾರಿ ಒಂದೇ ಇಲ್ಲ. ಮೇಲೆ ಹೇಳಿದಂತೆ ನಿಧಾನವಾಗಿ ಕೈ ಅಭ್ಯಾಸ ಮಾಡಿಸುವುದು ಒಂದು. ಇದಕ್ಕೆ ತಾಳ್ಮೆ ಬೇಕು, ಕೆಲವು ಗೆಕ್ಕೋಗಳು ಎಷ್ಟು ದಿನ ಕಳೆದರೂ ಕೈ ಹತ್ತುವುದೇ ಇಲ್ಲ. ಆಗ ಮುಟ್ಟದೆಯೇ ಒಡನಾಟ ಇಟ್ಟುಕೊಳ್ಳಬಹುದು: ಮೊಂಡು ತುದಿಯ ಚಿಮಟದಲ್ಲಿ ಹುಳ ಹಿಡಿದು ತಿನ್ನಿಸುವುದು, ಕಲ್ಲು, ತೊಗಟೆ ಜೋಡಿಸಿ ಹುಳ ಹುಡುಕುವ ಆಟ ಮಾಡುವುದು. ಮಕ್ಕಳಿಗೆ ಇದರಲ್ಲಿ ಸಿಗುವ ಖುಷಿ ಕಡಿಮೆಯೇನಲ್ಲ. ಚುಕ್ಕಿಗಂತೂ ಇದೇ ಹೆಚ್ಚು ಇಷ್ಟವಾದೀತು. ಇದರಲ್ಲಿರುವ ಅಪಾಯ ಒಂದೇ, ಹತ್ತಿರದಿಂದ ಮೈ ನೋಡುವುದು ತಪ್ಪಿ ಕಾಯಿಲೆ ತಡವಾಗಿ ಗೊತ್ತಾಗುವುದು. ವಾರಕ್ಕೊಮ್ಮೆ ಡಬ್ಬಿಯೊಳಗೆ ತಾನಾಗಿ ನಡೆದು ಬರುವಂತೆ ಮಾಡಿ ತೂಕ ನೋಡಿದರೆ ಅದಕ್ಕೂ ಪರಿಹಾರ ಸಿಗುತ್ತದೆ. ಕೊನೆಯದು, ಈ ಥಂಡಿ, ಕರೆಂಟ್ ಸಮಸ್ಯೆ ನಮ್ಮಿಂದ ನಿಭಾಯಿಸಲು ಆಗದು ಅನ್ನಿಸಿದರೆ ಅನುಭವ ಇರುವವರಿಗೆ ಒಪ್ಪಿಸುವುದು. ಅದು ಸೋಲಲ್ಲ. ಆದರೆ ತೋಟದಲ್ಲಿ ಬಿಟ್ಟುಬಿಡುವ ಯೋಚನೆ ಮಾತ್ರ ಯಾವತ್ತೂ ಬೇಡ. ನಮ್ಮ ಮಳೆಯಲ್ಲಿ ಅದು ಬದುಕುವುದಿಲ್ಲ. ಬದುಕಿದರೂ ತನ್ನ ರೋಗಗಳನ್ನು ನಮ್ಮ ಕಾಡಿನ ಹಲ್ಲಿಗಳಿಗೆ ಹರಡಬಹುದು. ನಮ್ಮ ಕಾಡಿನಲ್ಲಿ ಇರುವುದೆಲ್ಲ ಮಾಮೂಲಿ ಗೋಡೆ ಹಲ್ಲಿ ಎಂದುಕೊಳ್ಳಬೇಡಿ. ಜೋಗದ ಸುತ್ತಮುತ್ತ ಸಿಕ್ಕ ಒಂದು ಹಲ್ಲಿಯನ್ನು 1935ರಲ್ಲಿ ಹೊಸ ಜಾತಿ ಎಂದು ಗುರುತಿಸಿ ಹೆಮಿಡ್ಯಾಕ್ಟೈಲಸ್ ಪ್ರಶಾದಿ ಎಂದು ಹೆಸರಿಟ್ಟರು. ಅಂಥವು ಈಗಲೂ ನಮ್ಮ ಕಾಡುಗಳಲ್ಲಿವೆ.

ಮಗಳು ಇನ್ನೊಂದು ಗೆಕ್ಕೋ ಕೇಳಿದರೆ ಜಾತಿ ನೋಡಿ ಯೋಚಿಸಿ. ಕ್ರೆಸ್ಟೆಡ್ ಗೆಕ್ಕೋ ನ್ಯೂ ಕ್ಯಾಲಿಡೋನಿಯಾ ದ್ವೀಪದ್ದು, ಅಳಿದುಹೋಯಿತೆಂದು ತಿಳಿದಿದ್ದವರಿಗೆ 1994ರಲ್ಲಿ ಮತ್ತೆ ಸಿಕ್ಕಿತು. ತಂಪು, ತೇವ ಅದಕ್ಕೆ ಹಿತ, ಆ ಲೆಕ್ಕದಲ್ಲಿ ಮಲೆನಾಡಿಗೆ ಹೊಂದುತ್ತದೆ. ಆದರೆ ಕೈಯಿಂದ ಕೈಗೆ ಹಾರುತ್ತದೆ, ಬಾಲ ಬಿಟ್ಟರೆ ಮತ್ತೆ ಬರುವುದೇ ಇಲ್ಲ. ಹಸಿರು ಡೇ ಗೆಕ್ಕೋಗಳ ಚರ್ಮ ಹಿಡಿದರೆ ಹರಿದುಬರುತ್ತದೆ, ಅವು ನೋಡಲು ಮಾತ್ರ. ಟೋಕೇ ಗೆಕ್ಕೋ ಕಚ್ಚಿದರೆ ಸುಲಭಕ್ಕೆ ಬಿಡುವುದಿಲ್ಲ, ಮಕ್ಕಳಿರುವ ಮನೆಗೆ ಬೇಡ.

ಕಾಗದಪತ್ರದ ವಿಷಯವನ್ನೂ ಮರೆಯಬೇಡಿ. ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಲೆಪರ್ಡ್ ಗೆಕ್ಕೋ ಗುಂಪಿನ ಹಲ್ಲಿಗಳು ನಮ್ಮ ದೇಶದ ಕಾಡುಗಳಲ್ಲೂ ಇರುವುದರಿಂದ, ಚುಕ್ಕಿ ಎಲ್ಲಿ ಹುಟ್ಟಿದ್ದು, ಯಾರಿಂದ ಕೊಂಡದ್ದು ಎಂಬ ಬಿಲ್ಲು ಕೈಯಲ್ಲಿರಬೇಕು. ಅಣ್ಣನ ಮಗನಿಂದ ಅದನ್ನು ತರಿಸಿಕೊಂಡು, ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಡಾಕ್ಟರ ಹತ್ತಿರ ಯಾವಾಗ ಬರಬೇಕು? ಬೆಳೆದ ಗೆಕ್ಕೋ, ಬಾಲ ದಪ್ಪಗಿದ್ದರೆ ಒಂದು ವಾರ ತಿನ್ನದಿದ್ದರೆ ಗಾಬರಿ ಬೇಡ. ಹೆಣ್ಣಾಗಿದ್ದರೆ ಮೊಟ್ಟೆಯ ಕಾಲದಲ್ಲಿ, ಗಂಡು ಜೊತೆಗಿಲ್ಲದಿದ್ದರೂ, ಊಟ ಕಡಿಮೆ ಮಾಡುತ್ತದೆ. ಪೆಟ್ಟಿಗೆ ಸರಿಯಾಗಿ ಬೆಚ್ಚಗಾದ ಮೇಲೂ ಎರಡು ವಾರ ತಿನ್ನದಿದ್ದರೆ, ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ, ತರಲೇಬೇಕು. ಮೂಗಿನ ಹತ್ತಿರ ಗುಳ್ಳೆ, ಬಾಯಿ ತೆರೆದು ಉಸಿರಾಟ, ದವಡೆ ಮೆತ್ತಗಾಗುವುದು, ಕಾಲು ಸೊಟ್ಟಗಾಗುವುದು ಕಂಡರೆ ಕಾಯಬೇಡಿ, ಆವತ್ತೇ ಹೊರಡಿ. ತಿನ್ನುತ್ತಿದ್ದರೂ ಬಾಲ ಕಡ್ಡಿಯಂತೆ ಸೊರಗುತ್ತಿದ್ದರೆ ಕರುಳಿನ ಪರೋಪಜೀವಿ ಇರಬಹುದು, ಹಿಕ್ಕೆ ಪರೀಕ್ಷೆ ಬೇಕು. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಸರೀಸೃಪ ನೋಡಿ ಅಭ್ಯಾಸವಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲೇ ಫೋನ್ ಮಾಡಿ ವಿಚಾರಿಸಿ.

ಬರುವಾಗ ಚುಕ್ಕಿಯನ್ನು ಕೈಯಲ್ಲಿ ಹಿಡಿದು ತರಬೇಡಿ. ಗಾಳಿಗೆ ತೂತು ಮಾಡಿದ ಡಬ್ಬಿಯಲ್ಲಿ ಪೇಪರ್ ಹಾಸಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ತನ್ನಿ. ಜೊತೆಗೆ ಆವತ್ತಿನ ಹಿಕ್ಕೆ ಇದ್ದರೆ ಒಂದು ಪುಟ್ಟ ಕವರಿನಲ್ಲಿ, ಪೆಟ್ಟಿಗೆಯ ಫೋಟೋ ಮೊಬೈಲಿನಲ್ಲಿ, ಮತ್ತೆ ಮಗಳು ಡಿಗ್ರಿ ಬರೆದಿಟ್ಟ ಆ ಪುಸ್ತಕ.